ಪೆನ್ಸಿಲು ಅಳೆದ ಬೀದಿ

ಹೆರೆದ ಪೆನ್ಸಿಲಿನ ವಾಸನೆ ಟಪಾಲು ಗುಮಾಸ್ತರಿಗೆ ಒಂದನೇ ತರಗತಿಯಿಂದ ಗೊತ್ತು. ಒಣಮರದ ವಾಸನೆ, ಅದರೊಳಗೆ ಒಂಚೂರು ಎಣ್ಣೆ, ಒಂಚೂರು ಮಸಿ. ಆ ಕಾಲದಲ್ಲಿ ಅವರು ಪೆನ್ಸಿಲಿನಲ್ಲಿ ಬರೆದದ್ದಕ್ಕಿಂತ ಅದರ ಸುರುಳಿ ಸಿಪ್ಪೆಯನ್ನು ಮೂಸಿದ್ದೇ ಹೆಚ್ಚು. ಮೇಷ್ಟ್ರು ಅದಕ್ಕೆಂದೇ ಅವರನ್ನು ಎರಡು ಸಲ ಬಾಗಿಲ ಹೊರಗೆ ನಿಲ್ಲಿಸಿದ್ದರು. ಐವತ್ತೈದನೆಯ ವಯಸ್ಸಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಔಷಧಿ ಅಂಗಡಿಯ ಮಹಡಿಯ ಮೇಲಿದ್ದ ಡ್ರಾಯಿಂಗ್ ಕ್ಲಾಸಿನಲ್ಲಿ ಆ ವಾಸನೆ ಮತ್ತೆ ಸಿಕ್ಕಿದಾಗ ಅವರಿಗೆ ತಮ್ಮ ವಯಸ್ಸೇ ಮರೆತುಹೋಯಿತು. ಕಣ್ಣು ಮುಚ್ಚಿ, ಅಂಗೈ ತುಂಬ ಸಿಪ್ಪೆ ಹಿಡಿದು, ಎದೆ ತುಂಬ ಎಳೆದುಕೊಂಡರು. ಸಿಪ್ಪೆಯ ಜೊತೆ ಸೀಸದ ಪುಡಿಯೂ ಇತ್ತು. ಆಮೇಲೆ ಬಂದ ಸೀನಿಗೆ ಮೇಜಿನ ಮೇಲಿದ್ದ ಬಿಳಿ ಪ್ಲಾಸ್ಟರ್ ಚೆಂಡು ಉರುಳಿಕೊಂಡು ಕಿಟಕಿಯವರೆಗೆ ಹೋಯಿತು. ಆ ಚೆಂಡಿನ ಮೇಲೆ ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಕೂರುತ್ತದೆ ಎಂದು ಎಲ್ಲರೂ ಕಲಿಯಬೇಕಾಗಿತ್ತು. ಅಂದಿನಿಂದ ಅದರ ಮೇಲೆ ಯಾವ ಬೆಳಕಿಗೂ ಸಂಬಂಧವಿಲ್ಲದ ಒಂದು ಬೂದು ನೆರಳು ಖಾಯಮ್ಮಾಗಿ ಕೂತಿತು.

ಅವರು ಅಲ್ಲಿಗೆ ಬಂದದ್ದು ಬೀಗರ ಮನೆಯಲ್ಲಿ ಬಾಯಿ ತಪ್ಪಿ ಆಡಿದ ಒಂದು ಮಾತಿನಿಂದ. ಮಗಳನ್ನು ಕೊಟ್ಟು ಎಂಟು ತಿಂಗಳಾಗಿತ್ತು. ಬೀಗರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಚದುರಂಗದ ಪಂದ್ಯಗಳಲ್ಲಿ ಗೆದ್ದ ಬಹುಮಾನದ ಕಪ್ಪುಗಳನ್ನು ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟುಕೊಂಡು, ಬಂದವರಿಗೆ ಒಂದೊಂದನ್ನೂ ಅದರ ಚರಿತ್ರೆಯ ಸಮೇತ ತೋರಿಸುವುದು ಅವರ ಪದ್ಧತಿ. ಒಂಬತ್ತನೆಯ ಕಪ್ಪಿನ ಚರಿತ್ರೆ ಮುಗಿದ ಮೇಲೆ, ಆಫೀಸು ಬಿಟ್ಟರೆ ನೀವು ಇನ್ನೇನು ಮಾಡುತ್ತೀರಿ ಬೀಗರೇ ಎಂದು ಕೇಳಿದರು. ಗುಮಾಸ್ತರು ಆಫೀಸು ಬಿಟ್ಟರೆ ಮನೆಗೆ ಬರುತ್ತಿದ್ದರು. ಅದನ್ನು ಹೇಳಲು ನಾಚಿಕೆಯಾಯಿತು. ಎದುರಿಗೆ ನೇತುಹಾಕಿದ್ದ ಕ್ಯಾಲೆಂಡರಿನ ಚಿತ್ರದ ಮೇಲೆ ಕಣ್ಣು ಬಿತ್ತು.

"ಚಿತ್ರ ಬರೀತೀನಿ" ಎಂದುಬಿಟ್ಟರು.

ತಟ್ಟೆ ಹಿಡಿದು ಬರುತ್ತಿದ್ದ ಮಗಳು ನಿಂತಲ್ಲೇ ನಿಂತಳು. ಅಪ್ಪ ಬರೆದ ಒಂದೇ ಒಂದು ಚಿತ್ರವನ್ನು ಅವಳು ನೋಡಿದ್ದಳು. ಎರಡನೇ ತರಗತಿಯಲ್ಲಿ ಅವಳ ಪುಸ್ತಕಕ್ಕೆ ಬರೆದುಕೊಟ್ಟಿದ್ದ ಹಸು. ಅದರ ಕೆಳಗೆ ಟೀಚರು 'ಆಮೆ ಚೆನ್ನಾಗಿದೆ' ಎಂದು ಷರಾ ಬರೆದಿದ್ದರು. ಆದರೂ ಆ ಹುಡುಗಿ ಒಮ್ಮೆ ಅಪ್ಪನ ಮುಖ ನೋಡಿ, ಮಾವನ ಕಡೆ ತಿರುಗಿ, "ತುಂಬ ಚೆನ್ನಾಗಿ ಬರೀತಾರೆ ಮಾವ" ಎಂದಳು.

ಹಾಗಾದರೆ ಒಮ್ಮೆ ಬಂದು ನೋಡಲೇಬೇಕು ಎಂದರು ಬೀಗರು. ಅವರು ಹೇಳಿದ್ದನ್ನು ಮರೆಯುವ ಆಸಾಮಿಯಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ಗುಮಾಸ್ತರು ದಾರಿಯುದ್ದಕ್ಕೂ ಒಂದೇ ಮಾತು ಹೇಳಿದರು. ಗಂಡನ ಮನೆಯಲ್ಲಿ ಮಗಳು ಆಡಿದ ಮೊದಲ ಸುಳ್ಳು ಅದು, ಅದನ್ನೂ ತಮಗೋಸ್ಕರ ಆಡಿದಳು, ಅದನ್ನು ನಿಜ ಮಾಡದೆ ತಾವು ಬಿಡುವುದಿಲ್ಲ. ಹೆಂಡತಿ ಕೇಳಿಸಿಕೊಂಡು, ಇಳಿಯುವ ಸ್ಟಾಪು ಬಂತು ಎಂದರು.

ಆಕೆ ಹಾಕಿದ ಷರತ್ತು ಒಂದೇ. "ಮುಗಿಯೋವರೆಗೂ ಬೀದೀಲಿ ಬಾಯಿ ಬಿಡಬೇಡಿ. ಹೋದ ಸಲ ಈಜು ಕಲೀತೀನಿ ಅಂತ ಎಲ್ಲರಿಗೂ ಹೇಳ್ಕೊಂಡು ಬಂದ್ರಿ. ಈಗ್ಲೂ ಹಾಲಿನವರು ನನ್ನನ್ನ ಕೇಳ್ತಾರೆ, ಯಜಮಾನರು ನೀರಿಗೆ ಇಳಿದ್ರಾ ಅಂತ."

ಕ್ಲಾಸು ಹತ್ತು ಭಾನುವಾರಗಳದ್ದು. ಕಲಿಸುವ ಮೇಡಂ ಗುಮಾಸ್ತರ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಅಷ್ಟೆ. ಮೊದಲ ವಾರ ಬರೀ ಗೆರೆ ಎಳೆಸಿದರು. ಮಣಿಕಟ್ಟು ಅಲುಗಬಾರದು, ಗೆರೆ ಭುಜದಿಂದ ಬರಬೇಕು. ಮೂವತ್ತು ವರ್ಷ ಸೀಲು ಹೊಡೆದ ಗುಮಾಸ್ತರ ಭುಜಕ್ಕೆ ಮೇಲಿಂದ ಕೆಳಗೆ ಬರುವ ಒಂದೇ ಚಲನೆ ಗೊತ್ತಿತ್ತು. ಅವರ ಗೆರೆಗಳು ಕಾಗದ ತೂತು ಮಾಡಿಕೊಂಡು ಬೋರ್ಡಿಗೆ ತಲುಪಿದವು. ಎರಡನೆಯ ವಾರ ಒಂಬತ್ತು ಚೌಕಗಳಲ್ಲಿ ಬಿಳಿಯಿಂದ ಕಪ್ಪಿನವರೆಗೆ ಹಂತಹಂತವಾಗಿ ಶೇಡು ಮಾಡಬೇಕಾಗಿತ್ತು. ಗುಮಾಸ್ತರಿಗೆ ಮೂರನೆಯ ಚೌಕದಲ್ಲೇ ಕಪ್ಪು ಬಂದುಬಿಟ್ಟಿತು. ಉಳಿದ ಆರಕ್ಕೆ ಏನು ಮಾಡುವುದೆಂದು ಕೈ ಎತ್ತಿ ಕೇಳಿದರು. ಮೇಡಂ ನಗಲಿಲ್ಲ. ಹೊಸ ಹಾಳೆ ಕೊಟ್ಟು, ಅವರ ಸ್ಟೂಲನ್ನು ತಾವೇ ಎತ್ತಿ ಒಳ್ಳೆಯ ಬೆಳಕಿದ್ದ ಕಿಟಕಿಯ ಪಕ್ಕಕ್ಕೆ ಇಟ್ಟರು.

ಮೂರನೆಯ ವಾರ ಹೂಜಿ ಬರೆದರು. ಪಕ್ಕದಲ್ಲಿ ಕೂರುತ್ತಿದ್ದ ನಿವೃತ್ತ ನರ್ಸಮ್ಮ ಬಗ್ಗಿ ನೋಡಿ, ಬಹಳ ನಿಜವಾಗಿ ಬಂದಿದೆ, ನಮ್ಮ ವಾರ್ಡಿನಲ್ಲಿ ಎದ್ದು ಓಡಾಡಲಾಗದ ರೋಗಿಗಳಿಗೆ ಇಂಥದ್ದೇ ಕೊಡುತ್ತಿದ್ದೆವು ಎಂದು ಮೆಚ್ಚಿಕೊಂಡರು. ಗುಮಾಸ್ತರು ಎದೆಗುಂದಲಿಲ್ಲ. ಆಫೀಸಿನ ಅಭ್ಯಾಸದಂತೆ ಚಿತ್ರದ ಮೂಲೆಯಲ್ಲಿ ಕ್ರಮಸಂಖ್ಯೆ ಮತ್ತು ತಾರೀಖು ಹಾಕಿ, ಮುಂದಿನ ಹೂಜಿಗೆ ಹೋದರು. ಹೂಜಿ ಸಂಖ್ಯೆ ಹದಿನಾಲ್ಕರಲ್ಲಿ ಹಿಡಿ ಸರಿಯಾಗಿ ಅಂಟಿಕೊಂಡಿತು.

ಏಳನೆಯ ವಾರ ಮೇಡಂ ಅಳತೆ ತೋರಿಸಿಕೊಟ್ಟರು. ಪೆನ್ಸಿಲು ಹಿಡಿದ ತೋಳನ್ನು ನೇರವಾಗಿ ಮುಂದಕ್ಕೆ ಚಾಚಬೇಕು, ಮೊಣಕೈ ಮಡಿಸಬಾರದು, ಒಂದು ಕಣ್ಣು ಮುಚ್ಚಬೇಕು, ಎದುರಿನ ವಸ್ತು ಎಷ್ಟು ದೊಡ್ಡದು ಕಾಣುತ್ತದೋ ಅಷ್ಟಕ್ಕೆ ಪೆನ್ಸಿಲಿನ ಮೇಲೆ ಹೆಬ್ಬೆರಳು ಇಡಬೇಕು. ಬಾಗಿಲು ಒಂದಾದರೆ ಗೋಡೆ ಎಷ್ಟು ಎಂಬ ಲೆಕ್ಕ. ಹತ್ತನೆಯ ಭಾನುವಾರ ಎಲ್ಲರ ಚಿತ್ರಗಳನ್ನೂ ಗೋಡೆಗೆ ಹಾಕುತ್ತೇವೆ, ಮನೆಯವರನ್ನು ಕರೆಯಿರಿ, ಪ್ರತಿಯೊಬ್ಬರೂ ತಮ್ಮ ಬೀದಿಯನ್ನೇ ಬರೆದು ತರಬೇಕು ಎಂದರು. ನೆನಪಿನಿಂದ ಬರೆಯುವ ಹಾಗಿಲ್ಲ. ಎದುರಿಗೆ ಕೂತು, ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು. ಗುಮಾಸ್ತರು ಅಂದೇ ಬೀಗರಿಗೆ ಫೋನು ಮಾಡಿ ಕರೆದರು. ಇನ್ನು ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ.

ಸೋಮವಾರ ಆಫೀಸಿನಿಂದ ನೇರವಾಗಿ ಬಂದು, ಬೀದಿಯ ತುದಿಯಲ್ಲಿ ನಿಂತು, ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಟೇಲರ ಅಂಗಡಿಯನ್ನು ಅಳೆದರು.

ಇಲ್ಲಿ ಓದುಗರಿಗೆ ಒಂದು ವಿಷಯ ತಿಳಿಸಬೇಕು. ಗುಮಾಸ್ತರು ಕೆಲಸ ಮಾಡುತ್ತಿದ್ದದ್ದು ಪುರಸಭೆಯಲ್ಲಿ. ಅಲ್ಲಿ ಅವರ ಅಧಿಕಾರ ಎಂದರೆ ಬಂದ ಕಾಗದಕ್ಕೆ ಸೀಲು ಹೊಡೆಯುವುದು, ಹೋಗುವ ಕಾಗದಕ್ಕೆ ಸೀಲು ಹೊಡೆಯುವುದು. ಬೀದಿಯವರ ಪಾಲಿಗೆ ಮಾತ್ರ ಅವರೇ ಪುರಸಭೆ. ಆ ಬೀದಿಯಲ್ಲಿ ರಸ್ತೆಗೆ ಚಾಚಿಕೊಳ್ಳದ ಕಟ್ಟಡ ಒಂದೂ ಇರಲಿಲ್ಲ. ಟೇಲರ ಅಂಗಡಿಯ ಮುಂದೆ ಎರಡಡಿ ಅಗಲದ ಹಲಗೆಯ ಕಟ್ಟೆ. ಪಕ್ಕದಲ್ಲಿ ನಿವೃತ್ತ ಹೆಡ್‌ಮಿಸ್ಸಿನ ಮನೆಗೆ ತಗಡಿನ ಚಾವಣಿ, ಅದರ ಕೆಳಗೆ ಅವರ ಕುರ್ಚಿ. ಎದುರಿಗೆ ಸೈಕಲ್ ರಿಪೇರಿಯವರ ಟೈರುಗಳ ಗೂಡು. ತೆರವು ಮಾಡಿ ಎಂದು ಪುರಸಭೆ ಹನ್ನೊಂದು ವರ್ಷಗಳಿಂದ ನೋಟೀಸು ಕಳಿಸುತ್ತಿತ್ತು. ಅವಕ್ಕೆಲ್ಲ ಸೀಲು ಹೊಡೆದವರು ಗುಮಾಸ್ತರೇ. ಹೆಡ್‌ಮಿಸ್ಸು ಅವುಗಳ ಹಿಂಬದಿಯಲ್ಲಿ ದೋಬಿ ಲೆಕ್ಕ ಬರೆಯುತ್ತಿದ್ದರು.

ಟೇಲರು ಮಿಷನ್ ನಿಲ್ಲಿಸಿ ಹೊರಗೆ ಬಂದರು. "ಏನಣ್ಣಾ, ಅಳೀತಿದ್ದೀರಿ?"

ಗುಮಾಸ್ತರಿಗೆ ಹೆಂಡತಿಯ ಷರತ್ತು ನೆನಪಾಯಿತು. "ಈಗ ಹೇಳೋ ಹಾಗಿಲ್ಲ. ಮುಗಿದ ಮೇಲೆ ಎಲ್ಲರಿಗೂ ಗೊತ್ತಾಗುತ್ತೆ" ಎಂದರು. ಮತ್ತೆ ಒಂದು ಕಣ್ಣು ಮುಚ್ಚಿ, ಬಹಳ ದುಃಖದಿಂದ, "ನಿಮ್ಮ ಕಟ್ಟೇದೇ ನಂಗೆ ದೊಡ್ಡ ತಲೆನೋವಾಗಿದೆ. ತುಂಬ ಮುಂದೆ ಬಂದುಬಿಟ್ಟಿದೆ. ಅದನ್ನ ಸರಿ ಮಾಡೋದು ಹೇಗೋ ತಿಳೀತಿಲ್ಲ" ಎಂದು ಸೇರಿಸಿದರು.

ಮುಂದಕ್ಕೆ ಚಾಚಿದ ವಸ್ತುವನ್ನು ಚಪ್ಪಟೆ ಹಾಳೆಯ ಮೇಲೆ ಕೂರಿಸುವುದು ಎಷ್ಟು ಕಷ್ಟ ಎಂಬುದು ಕಲಿತವರಿಗೇ ಗೊತ್ತು. ಟೇಲರು ಕಲಿತಿರಲಿಲ್ಲ. ಅವರು ನಿಂತಲ್ಲೇ ಬೆವೆತರು.

ಮಂಗಳವಾರ ಸಂಜೆ ಗುಮಾಸ್ತರು ಹಾಳೆ ಹಿಡಿದು ಬಂದರೆ ಕಟ್ಟೆ ಇರಲಿಲ್ಲ. ಹಲಗೆಗಳು ಅಂಗಡಿಯೊಳಗೆ ಗೋಡೆಗೆ ಒರಗಿದ್ದವು. ಟೇಲರು ಬಾಗಿಲಲ್ಲಿ ನಿಂತು, ಸರಿಹೋಯಿತಾ ಅಣ್ಣಾ ಎಂದು ವಿನಯದಿಂದ ಕೇಳಿದರು. ಗುಮಾಸ್ತರು ಕೈಯಲ್ಲಿದ್ದ ಚಿತ್ರವನ್ನೂ ಖಾಲಿ ಜಾಗವನ್ನೂ ನೋಡಿ ನಿಟ್ಟುಸಿರು ಬಿಟ್ಟರು. ಆ ನಿಟ್ಟುಸಿರಿಗೆ ಹೆದರಿ ಟೇಲರು ಅಂಗಡಿಯ ಬೋರ್ಡನ್ನೂ ಇಳಿಸಿದರು.

ಗುಮಾಸ್ತರು ಸೋಲುವವರಲ್ಲ. ಕಂಡದ್ದನ್ನೇ ಬರೆಯಬೇಕು ಎಂದಿದ್ದಾರೆ, ಕಟ್ಟೆ ಕಾಣುವುದಿಲ್ಲ, ಸರಿ. ಹೊಸ ಹಾಳೆ ತೆಗೆದು ಹೆಡ್‌ಮಿಸ್ಸಿನ ಕಡೆ ತಿರುಗಿದರು. ಮನುಷ್ಯರನ್ನು ತಲೆಯ ಲೆಕ್ಕದಲ್ಲಿ ಅಳೆಯಬೇಕೆಂದು, ನಿಂತ ಮನುಷ್ಯ ಸುಮಾರು ಏಳೂವರೆ ತಲೆ ಎತ್ತರವಿರುತ್ತಾನೆಂದು ಭಾನುವಾರವಷ್ಟೇ ಕಲಿತಿದ್ದರು. ಕುರ್ಚಿ ಬಿಟ್ಟು ಎದ್ದ ಆಕೆಯನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಹೆಬ್ಬೆರಳು ಜಾರಿಸಿ, ಮತ್ತೆ ಅಳೆದರು.

"ಅಮ್ಮಾ, ಸ್ವಲ್ಪ ಅಲ್ಲಾಡಬೇಡಿ. ಏಳೂವರೆ ಇರಬೇಕಿತ್ತು, ನೀವು ಐದೂಮುಕ್ಕಾಲೇ ಇದ್ದೀರಿ."

ನಾಲ್ಕು ಸಾವಿರ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ಹೆಡ್‌ಮಿಸ್ಸು ಆ ದಿನ ತಾವೇ ಬಾಗಿಲಿಗೆ ಒರಗಿ ನಿಂತರು. ಈಗ ಜನರಿಗೂ ಅಳತೆ ನಿಗದಿಯಾಗಿದೆಯಂತೆ ಎಂಬ ಸುದ್ದಿ ದೀಪ ಹಚ್ಚುವ ಹೊತ್ತಿಗೆ ಬೀದಿಯ ಆ ತುದಿ ಮುಟ್ಟಿತು. ಬುಧವಾರ ತಗಡಿನ ಚಾವಣಿ ಇಳಿಯಿತು. ಗುರುವಾರ ಟೈರಿನ ಗೂಡು ಮಾಯವಾಯಿತು. ಸೈಕಲ್ಲಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಿರಾಕಿಗಳು ರಸ್ತೆಯಲ್ಲಿ ನಿಲ್ಲದಂತೆ ಅವರನ್ನೂ ಸೈಕಲ್ಲಿನೊಂದಿಗೆ ಒಳಗೆ ಎಳೆದುಕೊಳ್ಳತೊಡಗಿದರು. ಗುಮಾಸ್ತರು ಏನನ್ನು ಅಳೆಯುತ್ತಾರೋ ಅದು ಮರುದಿನ ಇರುತ್ತಿರಲಿಲ್ಲ. ಎಂಟನೆಯ ಭಾನುವಾರಕ್ಕೆ ಅವರ ಬಳಿ ನಾಲ್ಕು ಅರ್ಧ ಚಿತ್ರಗಳಿದ್ದವು, ನಾಲ್ಕೂ ಬೇರೆ ಬೇರೆ ಬೀದಿಗಳ ಹಾಗೆ ಇದ್ದವು. ಬೀದಿ ನಿಲ್ಲುತ್ತಿಲ್ಲ ಮೇಡಂ ಎಂದು ಅವರು ತೋಡಿಕೊಂಡಾಗ, ಮೊದಮೊದಲು ಎಲ್ಲರಿಗೂ ಹಾಗೇ ಅನ್ನಿಸುತ್ತದೆ ಎಂದು ಮೇಡಂ ಸಮಾಧಾನ ಹೇಳಿದರು.

ಒಂಬತ್ತನೆಯ ಭಾನುವಾರಕ್ಕೆ ಬೀದಿ ಬಾಚಿದ ತಲೆಯಂತಾಯಿತು. ಅದಾದ ಶುಕ್ರವಾರ ಬೆಳಿಗ್ಗೆ ಟೇಲರು, ಹೆಡ್‌ಮಿಸ್ಸು, ಸೈಕಲ್ಲಿನವರು ಮೂವರೂ ಇಸ್ತ್ರಿ ಬಟ್ಟೆ ಉಟ್ಟು ಪುರಸಭೆಗೆ ಹೋದರು. ಹೇಳದೆಯೇ ಎಲ್ಲ ತೆರವು ಮಾಡಿದ್ದೇವೆ, ಇನ್ನು ಗೋಡೆಗಳನ್ನಾದರೂ ಉಳಿಸಿಕೊಡಿ ಎಂದು ಎಂಜಿನಿಯರಿಗೆ ಮನವಿ ಕೊಟ್ಟರು. ಎಂಜಿನಿಯರು ಮನವಿಯನ್ನು ಎರಡು ಸಲ ಓದಿ, ಜೀಪು ಹತ್ತಿ, ಬೀದಿಯನ್ನು ಕಣ್ಣಾರೆ ನೋಡಿ ಬಂದು, ಟಪಾಲು ಗುಮಾಸ್ತರನ್ನು ಕರೆಸಿದರು.

ಯಾರ ಆದೇಶದ ಮೇಲೆ ಸರ್ವೆ ಮಾಡಿದಿರಿ ಎಂದು ಕೇಳಿದರು. ಗುಮಾಸ್ತರು ಬ್ಯಾಗಿನಿಂದ ಒಂದೊಂದೇ ಹಾಳೆ ತೆಗೆದು, ಕ್ರಮಸಂಖ್ಯೆಯ ಪ್ರಕಾರ ಮೇಜಿನ ಮೇಲೆ ಹರಡಿ, ಇದು ಡ್ರಾಯಿಂಗ್ ಸರ್, ಕ್ಲಾಸಿಗೆ ಎಂದರು. ಎಂಜಿನಿಯರು ಬಹಳ ಹೊತ್ತು ನೋಡಿದರು. ಹನ್ನೊಂದು ವರ್ಷ ನೋಟೀಸು ಮಾಡಲಾಗದ್ದನ್ನು ಒಂದು ಪೆನ್ಸಿಲು ಎರಡು ವಾರಗಳಲ್ಲಿ ಮಾಡಿತ್ತು. ಅವರ ದನಿ ಮೆತ್ತಗಾಯಿತು.

"ಗುಮಾಸ್ತರೇ, ಮಾರ್ಕೆಟ್ ರಸ್ತೇಲಿ ಒಂದು ನಾಲ್ಕು ದಿನ ಹೀಗೇ ನಿಂತ್ಕೋಬಹುದಾ? ನೀವೇನೂ ಮಾತಾಡೋದು ಬೇಡ. ಕಣ್ಣು ಮುಚ್ಚಿದ್ರೆ ಸಾಕು."

ಮೂವತ್ತು ವರ್ಷಗಳ ಸೇವೆಯಲ್ಲಿ ಗುಮಾಸ್ತರು ಮೇಲಧಿಕಾರಿಗೆ ಆಗುವುದಿಲ್ಲ ಎಂದದ್ದು ಅದೇ ಮೊದಲು. ಭಾನುವಾರ ಬೀಗರು ಬರುತ್ತಾರೆ ಸರ್, ನನ್ನ ಹತ್ತಿರ ಮುಗಿದ ಚಿತ್ರ ಒಂದೂ ಇಲ್ಲ ಎಂದು ಹಾಳೆಗಳನ್ನು ಜೋಡಿಸಿಕೊಂಡು ಹೊರಟರು.

ಸಂಜೆ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಮನೆಮನೆಗೂ ಹೋಗಿ ನಿಜ ಹೇಳಿದರು. ಎಂಜಿನಿಯರೇ ಕಣ್ಣಾರೆ ನೋಡಿ ಹೋಗಿದ್ದರಿಂದ, ತೆಗೆದದ್ದನ್ನು ಮತ್ತೆ ಹಾಕುವ ಹಾಗಿರಲಿಲ್ಲ. ಸೈಕಲ್ಲಿನವರು ಮೊದಲು ನಕ್ಕರು, ಆಮೇಲೆ ಟೈರುಗಳ ರಾಶಿಯ ಮಧ್ಯೆ ಕಾಲಿಡಲು ಜಾಗವಿಲ್ಲದ್ದು ನೆನಪಾಗಿ ನಗು ನಿಲ್ಲಿಸಿದರು. ಹೆಡ್‌ಮಿಸ್ಸು, ಐದೂಮುಕ್ಕಾಲು ಅಂದದ್ದೂ ಚಿತ್ರಕ್ಕೇನಾ ಎಂದು ವಿಚಾರಿಸಿ, ಹೌದೆಂದ ಮೇಲೆ ಇನ್ನೂ ಕೋಪ ಮಾಡಿಕೊಂಡರು. ಟೇಲರ ಮಾತು ಎಲ್ಲರದಕ್ಕಿಂತ ಚಿಕ್ಕದಾಗಿತ್ತು.

"ನಮ್ಮಪ್ಪ ಹಾಕಿದ ಹಲಗೆ ಅದು. ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

ಷರತ್ತು ಹಾಕಿದ ಹೆಂಡತಿ ಮುಂದೆ ಬಂದು, ತಪ್ಪು ನನ್ನದಪ್ಪ, ನಾನೇ ಬಾಯಿ ಕಟ್ಟಿದ್ದು ಎಂದರು. ಟೇಲರು ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಗುಮಾಸ್ತರೊಡನೆ ಇನ್ನು ಮಾತಿಲ್ಲ, ಮುಖ ತೋರಿಸುವುದೂ ಇಲ್ಲ ಎಂದು ಬೀದಿ ಆ ರಾತ್ರಿಯೇ ತೀರ್ಮಾನ ಮಾಡಿತು.

ಶನಿವಾರ ಆಫೀಸಿಗೆ ರಜೆ. ಕೈಯಲ್ಲಿ ಉಳಿದದ್ದು ಅದೊಂದೇ ದಿನ. ಹಳೆಯ ಹಾಳೆಯಲ್ಲೇ ಕಟ್ಟೆಯನ್ನೂ ಚಾವಣಿಯನ್ನೂ ಮುಗಿಸಿಬಿಡಿ, ಬೀಗರಿಗೆ ಏನು ಗೊತ್ತಾಗುತ್ತದೆ ಎಂದು ಹೆಂಡತಿಯೇ ಹೇಳಿದರು. ಗುಮಾಸ್ತರು ಒಪ್ಪಲಿಲ್ಲ. ಮಗಳ ಒಂದು ಸುಳ್ಳನ್ನು ನಿಜ ಮಾಡಲು ಹೊರಟವನು ಇನ್ನೊಂದು ಸುಳ್ಳು ಬರೆಯುವುದು ಹೇಗೆ ಎಂದು ಹೇಳಿ, ಸ್ಟೂಲು ಎತ್ತಿಕೊಂಡು, ಎಂಟು ಗಂಟೆಗೆ ಹೋಗಿ ಬೀದಿಯ ತುದಿಯಲ್ಲಿ ಕೂತರು.

ಬೀದಿ ತನ್ನ ಮಾತು ಉಳಿಸಿಕೊಂಡಿತು. ಟೇಲರು ಮಿಷನ್ನನ್ನೇ ತಿರುಗಿಸಿಟ್ಟು ರಸ್ತೆಗೆ ಬೆನ್ನು ಹಾಕಿ ಹೊಲಿಯಲು ಕೂತರು. ಹೆಡ್‌ಮಿಸ್ಸು ಬಾಗಿಲ ಬಳಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಪೇಪರು ಹಿಡಿದರು. ಸೈಕಲ್ಲಿನವರು ಬಾಗಿಲಿಗೆ ಬೆನ್ನಾಗಿ ಕುಕ್ಕರುಗಾಲಲ್ಲಿ ಪಂಚರ್ ಹುಡುಕತೊಡಗಿದರು. ಇದರ ಪರಿಣಾಮ ಏನಾಯಿತೆಂದರೆ, ಎರಡು ವಾರದಿಂದ ಒಂದು ನಿಮಿಷ ನೆಟ್ಟಗೆ ನಿಲ್ಲದವರು ಕೋಪದ ದೆಸೆಯಿಂದ ಕಲ್ಲಿನ ಹಾಗೆ ಕೂತರು. ತಿರುಗಿ ನೋಡಿದರೆ ಸೋತ ಹಾಗೆ. ಕೆಮ್ಮು ಬಂದರೂ ಹೆಡ್‌ಮಿಸ್ಸು ಗೋಡೆಗೇ ಕೆಮ್ಮಿದರು. ಪೆನ್ಸಿಲು ಹಿಡಿದವನಿಗೆ ಇಂಥ ಅನುಕೂಲ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಗುಮಾಸ್ತರು ಅಳೆದರು, ಬರೆದರು, ಮತ್ತೆ ಅಳೆದರು. ಹಲಗೆ ತೆಗೆದ ಜಾಗದಲ್ಲಿ ನೆಲದ ಬಣ್ಣ ತಿಳಿಯಾಗಿತ್ತು. ಚಾವಣಿ ಇಳಿದ ಗೋಡೆಯಲ್ಲಿ ಬಿಸಿಲು ಕಾಣದ ಒಂದು ಪಟ್ಟೆ ಇತ್ತು. ಅವನ್ನೂ ಬಿಡಲಿಲ್ಲ. ಕಪ್ಪನ್ನು ಒಂಬತ್ತನೆಯ ಚೌಕಕ್ಕೆ ಉಳಿಸಿಕೊಂಡು, ಮಿಕ್ಕ ಎಂಟರಲ್ಲಿ ಬೀದಿಯನ್ನೆಲ್ಲ ಇಳಿಸಿದರು. ಬೆಳಕು ಹೋಗುವ ಹೊತ್ತಿಗೆ ಮುಗಿಯಿತು. ಕ್ರಮಸಂಖ್ಯೆ ಹಾಕುವುದು ಮರೆತೇಹೋಗಿತ್ತು.

ಭಾನುವಾರ ಹತ್ತು ಗಂಟೆಗೆ ಔಷಧಿ ಅಂಗಡಿಯ ಮಹಡಿ ತುಂಬಿತು. ಪ್ರತಿಯೊಬ್ಬರೂ ನಾಲ್ಕು ಗಂಟೆಯವರೆಗೆ ತಂತಮ್ಮ ಚಿತ್ರದ ಪಕ್ಕದಲ್ಲೇ ನಿಂತು, ಕೇಳಿದ್ದಕ್ಕೆ ಉತ್ತರ ಹೇಳಬೇಕೆಂದು ಮೇಡಂ ಕಟ್ಟುಮಾಡಿದ್ದರು. ಗುಮಾಸ್ತರು ಕಾವಲಿನವನ ಹಾಗೆ ನಿಂತರು. ಮಧ್ಯಾಹ್ನದ ಹೊತ್ತಿಗೆ ಮಗಳು ಮತ್ತು ಬೀಗರು ಬಂದರು. ಅವರ ಹಿಂದೆಯೇ ಮೆಟ್ಟಿಲ ಮೇಲೆ ಇಡೀ ಬೀದಿ ಬಂತು. ತಮ್ಮ ಕಟ್ಟೆ, ಚಾವಣಿ, ಗೂಡುಗಳನ್ನು ನುಂಗಿದ ಚಿತ್ರ ಎಂಥದ್ದೆಂದು ನೋಡದೆ ಇರಲು ಅವರಿಗೆ ಆಗಿರಲಿಲ್ಲ. ಮಾತಾಡದೆ ಹಿಂದಿನ ಸಾಲಿನಲ್ಲಿ ನಿಂತರು.

ಬೀಗರು ಕನ್ನಡಕ ಒರೆಸಿಕೊಂಡು, ಚದುರಂಗದ ಮಣೆಯನ್ನು ನೋಡುವ ಹಾಗೆ ಬಹಳ ಹೊತ್ತು ನೋಡಿದರು. ಮಗಳು ಚಿತ್ರ ನೋಡುತ್ತಿರಲಿಲ್ಲ, ಮಾವನ ಮುಖ ನೋಡುತ್ತಿದ್ದಳು.

"ಬೀದಿ ಏನೋ ಇದೆ ಬೀಗರೇ" ಎಂದರು ಅವರು ಕೊನೆಗೆ. "ಆದ್ರೆ ಇರೋ ಮೂರು ಜನಾನೂ ಬೆನ್ನು ತಿರುಗಿಸಿ ಕೂತಿದ್ದಾರಲ್ಲ. ಮುಖ ಬರೆಯೋಕೆ ಬರಲ್ವಾ?"

ಗುಮಾಸ್ತರು ನೆಟ್ಟಗೇ ಇದ್ದ ಚಿತ್ರವನ್ನು ನೆಟ್ಟಗೆ ಮಾಡತೊಡಗಿದರು. ಯಾಕೆ ಮುಖ ತೋರಿಸಲಿಲ್ಲ ಎಂದು ಹೇಳಹೊರಟರೆ ಕಥೆಯೆಲ್ಲ ಹೇಳಬೇಕು, ಮೊಟ್ಟಮೊದಲ ಸುಳ್ಳಿನಿಂದ. ಮಗಳ ಕಿವಿ ಕೆಂಪಾಯಿತು.

ಹಿಂದಿನ ಸಾಲಿನಿಂದ ಟೇಲರು ಮುಂದೆ ಬಂದರು. ಗುಮಾಸ್ತರ ಕಡೆ ನೋಡಲಿಲ್ಲ. ನೇರವಾಗಿ ಚಿತ್ರದ ಹತ್ತಿರ ಹೋಗಿ, ಕಾಗದಕ್ಕೆ ತಾಗದಂತೆ ಬೆರಳು ಇಟ್ಟರು.

"ಮುಖ ನಾವೇ ತೋರಿಸ್ಲಿಲ್ಲ ಸ್ವಾಮಿ, ಅದು ನಮ್ಮ ಬೀದಿ ವಿಷಯ. ಈ ಬೆನ್ನು ನಂದು. ಇಲ್ಲಿ ನೋಡಿ, ಬಲಭುಜಕ್ಕಿಂತ ಎಡಭುಜ ಅರ್ಧ ಇಂಚು ಕೆಳಗಿದೆ. ನಾನೂ ಅಳೆಯೋನೇ, ದಿನಾ ಹತ್ತು ಜನರ ಭುಜ ಅಳೀತೀನಿ. ನಂದು ಹೀಗಿದೆ ಅಂತ ಇವತ್ತಿನವರೆಗೆ ಯಾರೂ ನೋಡಿರ್ಲಿಲ್ಲ, ನಮ್ಮನೆಯವಳೂ ನೋಡಿಲ್ಲ. ಇವರು ನೋಡಿದ್ದಾರೆ."

ಹೆಡ್‌ಮಿಸ್ಸೂ ಹತ್ತಿರ ಬಂದು ತಮ್ಮ ಬೆನ್ನನ್ನು ಪರೀಕ್ಷಿಸಿದರು. ಕೂತಿರುವುದರಿಂದ ತಲೆಯ ಲೆಕ್ಕ ಗೊತ್ತಾಗುವುದಿಲ್ಲ, ಅದೊಂದು ಒಳ್ಳೆಯದಾಯಿತು ಎಂದರು. ಬೀಗರು ಒಮ್ಮೆ ಚಿತ್ರದ ಭುಜವನ್ನೂ ಒಮ್ಮೆ ಟೇಲರ ಭುಜವನ್ನೂ ನೋಡಿ, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ನಮ್ಮ ಮನೆಯ ನಡುಕೋಣೆಯಲ್ಲಿ, ಕಪ್ಪುಗಳ ಬೀರುವಿನ ಪಕ್ಕ, ಒಂದು ಚಿತ್ರಕ್ಕೆ ಜಾಗವಿದೆ ಎಂದರು.

"ನಾನು ಹೇಳಿರ್ಲಿಲ್ವಾ ಮಾವ" ಎಂದಳು ಮಗಳು, ಮೆಲ್ಲಗೆ.

ಎರಡು ಗಂಟೆಗೆ ಜನ ಊಟಕ್ಕೆಂದು ಇಳಿದುಹೋದರು. ಹೆಂಡತಿ ಬೀಗರನ್ನೂ ಮಗಳನ್ನೂ ಮನೆಗೆ ಕರೆದೊಯ್ದರು. ನೀವೂ ಬನ್ನಿ ಎಂದು ಬೀಗರು ಒತ್ತಾಯ ಮಾಡಿದರೂ ಗುಮಾಸ್ತರು ನಾಲ್ಕು ಗಂಟೆಯ ನಿಯಮ ಹೇಳಿ ಜಾಗ ಬಿಡಲಿಲ್ಲ. ಕೋಣೆಯಲ್ಲಿ ಅವರೊಬ್ಬರೇ ಉಳಿದರು. ಕಾಲು ಸೋತಿತ್ತು. ಆದರೂ ಕೂರಲಿಲ್ಲ.

ಮೆಟ್ಟಿಲ ಮೇಲೆ ಸದ್ದಾಯಿತು. ಟೇಲರು ಮತ್ತೆ ಬಂದರು. ಕಂಕುಳಲ್ಲಿ ನೀರಿನ ಬಾಟಲಿ, ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ. ಗುಮಾಸ್ತರ ಸೀಸ ಹತ್ತಿದ ಬೆರಳುಗಳನ್ನು ನೋಡಿ, ಕಿಟಕಿಯ ಬಳಿ ಕರೆದು, ನೀರು ಹಾಕಿದರು. ಹೆಗಲ ಮೇಲಿನ ಟವೆಲು ಕೊಟ್ಟರು. ಆಮೇಲೆ ಡಬ್ಬಿಯನ್ನು ಅವರ ಕೈಗಿಟ್ಟು, ಸ್ಟೂಲನ್ನು ಕಾಲಿನಿಂದ ಹತ್ತಿರಕ್ಕೆ ತಳ್ಳಿ, ತಾವು ಚಿತ್ರದ ಪಕ್ಕದಲ್ಲಿ ಕಾವಲು ನಿಂತರು. ಡಬ್ಬಿ ಇನ್ನೂ ಬೆಚ್ಚಗಿತ್ತು.